ಸೊಂಟಮಟ್ಟದ ಉಪ್ಪುನೀರಿನಲ್ಲಿ ಗಾಳ: ಎಷ್ಟು ಪೌಂಡಿನ ದಾರ ಬೇಕು?

ಗಾಳದ ಸಾಮಾನಿನ ಅಂಗಡಿಯಲ್ಲಿ ದಾರ ಕೇಳಿದರೆ ಮೊದಲು ಬರುವ ಪ್ರಶ್ನೆ, "ಎಂಥ ಮೀನಿಗೆ ಮಾರಾಯ್ರೆ?" ದೋಣಿಯಲ್ಲಿ ಕೂತು ಗಾಳ ಹಾಕುವವರಿಗೆ ಅದು ಸರಿಯಾದ ಪ್ರಶ್ನೆಯೇ. ನದಿ ಕಡಲು ಸೇರುವ ಅಳಿವೆಗೆ ಇಳಿದು ಮೊಣಕಾಲಿನಿಂದ ಸೊಂಟದವರೆಗಿನ ನೀರಿನಲ್ಲಿ ನಿಂತು ರಾಡ್ ಬೀಸುವವರು ಮಾತ್ರ ಅದಕ್ಕೂ ಮೊದಲು ಬೇರೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೀನು ಓಡಿದಾಗ ದಾರ ಯಾವುದಕ್ಕೆ ಉಜ್ಜುತ್ತದೆ? ಎಷ್ಟು ಎಳೆತವನ್ನು ನಾನು ಕಾಲು ಜಾರದೆ ತಡೆದುಕೊಳ್ಳಬಲ್ಲೆ? ಮೀನಿನ ತೂಕದ ಸರದಿ ಇವೆರಡರ ನಂತರ.

ಬರಿ ಮರಳಿನ ತಳದಲ್ಲಿ ಐದು ಕೆ.ಜಿ. ಮೀನನ್ನು 10 ಪೌಂಡಿನ ದಾರದಲ್ಲೂ ಸಾವಧಾನವಾಗಿ ದಡ ಸೇರಿಸಬಹುದು. ಓಡಲು ಬಿಟ್ಟು, ದಣಿಸಿ, ಎಳೆದುಕೊಂಡರಾಯಿತು. ಅದೇ ದಾರಕ್ಕೆ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವೆ ಎರಡು ಕೆ.ಜಿ. ಕೆಂಬೇರಿ ಮೀನು ಕಚ್ಚಿದರೆ ಮೊದಲ ಎರಡು ಮೀಟರ್ ಓಟದಲ್ಲೇ ಆಟ ಮುಗಿಯುತ್ತದೆ. ದಾರವನ್ನು ಕಡಿದದ್ದು ಮೀನಿನ ಬಲವಲ್ಲ, ಬೇರಿಗೆ ಕಚ್ಚಿಕೊಂಡ ಚಿಪ್ಪು.

ಇಲ್ಲಿ ಹೇಳುವುದೆಲ್ಲ ನಮ್ಮ ಕರಾವಳಿಯ ಅಳಿವೆಗಳಿಗೆ ಸಂಬಂಧಿಸಿದ್ದು: ಕಾರವಾರದ ಕಾಳಿ, ಕುಮಟೆಯ ಅಘನಾಶಿನಿ, ಹೊನ್ನಾವರದ ಶರಾವತಿ, ಕುಂದಾಪುರದ ಪಂಚಗಂಗಾವಳಿ, ಕೋಡಿಬೆಂಗ್ರೆಯ ಸ್ವರ್ಣಾ–ಸೀತಾ, ಸಸಿಹಿತ್ಲಿನ ಶಾಂಭವಿ–ನಂದಿನಿ, ಉಳ್ಳಾಲದ ನೇತ್ರಾವತಿ. ಒಂದೊಂದರಲ್ಲೂ ಮರಳು ದಿಬ್ಬ, ಆಳದ ಹರಿವು, ಕಾಂಡ್ಲಾ ಅಂಚು ಅಥವಾ ಕಲ್ಲಿನ ತಡೆಗೋಡೆ ಕೂಗಳತೆಯಲ್ಲೇ ಇರುವುದುಂಟು. ಆದ್ದರಿಂದ ಅಳಿವೆಯ ಹೆಸರಿಗಿಂತ ನೀವು ನಿಂತ ಜಾಗ ಮುಖ್ಯ.

ಪೊಟ್ಟಣದ ಮೇಲಿನ ಸಂಖ್ಯೆ

ಒಂದು ಪೌಂಡ್ ಎಂದರೆ ಸುಮಾರು 454 ಗ್ರಾಂ. 10 ಪೌಂಡಿನ ದಾರ ಸುಮಾರು ನಾಲ್ಕೂವರೆ ಕೆ.ಜಿ. ಎಳೆತಕ್ಕೆ, 20 ಪೌಂಡಿನದು 9 ಕೆ.ಜಿ.ಗೆ, 40 ಪೌಂಡಿನದು 18 ಕೆ.ಜಿ.ಗೆ ತುಂಡಾಗುತ್ತದೆ ಎಂದು ಲೆಕ್ಕ. ಇದು ಗಂಟಿಲ್ಲದ, ಗೀರಿಲ್ಲದ ಹೊಸ ದಾರದ ಮಾತು. ಗಂಟು ಹಾಕಿದ ಕೂಡಲೇ ಬಲ ಇಳಿಯುತ್ತದೆ. ನೈಲಾನ್ ದಾರ ನೀರು ಹೀರಿಕೊಂಡು ಇನ್ನಷ್ಟು ಬಲ ಕಳೆದುಕೊಳ್ಳುತ್ತದೆ. ಗಾಳದಲ್ಲಿ ಹಿಡಿದ ಮೀನುಗಳ ವಿಶ್ವದಾಖಲೆಗಳನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ ಐಜಿಎಫ್‌ಎ ದಾರವನ್ನು ನೆನೆಸಿಯೇ ಪರೀಕ್ಷಿಸುವುದು ಇದೇ ಕಾರಣಕ್ಕೆ.

ಪೊಟ್ಟಣದಲ್ಲಿ 'ಟೆಸ್ಟ್' ಎಂದಿದ್ದರೆ ಬರೆದ ಸಂಖ್ಯೆಗಿಂತ ಕೆಳಗೆ ಕಡಿಯಬಾರದು. 'ಕ್ಲಾಸ್' ಎಂದಿದ್ದರೆ ಬರೆದದ್ದಕ್ಕಿಂತ ಮೇಲೆ ತಾಳಬಾರದು. ದಾಖಲೆಯ ಆಸೆ ಇಲ್ಲದವರು ಕೊಳ್ಳಬೇಕಾದದ್ದು ಟೆಸ್ಟ್ ದಾರ. ಜಪಾನಿನ ಪದ್ಧತಿಯ ಬ್ರೇಡ್ ದಾರಗಳ, ಅಂದರೆ ಹಲವು ಎಳೆ ಹೆಣೆದ ದಾರಗಳ ಮೇಲೆ ಪಿಇ ಸಂಖ್ಯೆ ಇರುತ್ತದೆ. ಅದು ಬಲವನ್ನಲ್ಲ, ದಪ್ಪವನ್ನು ಹೇಳುತ್ತದೆ: ಪಿಇ 1 ಎಂದರೆ ಸುಮಾರು 0.165 ಮಿ.ಮೀ., ಪಿಇ 2 ಎಂದರೆ ಸುಮಾರು 0.235 ಮಿ.ಮೀ. ನಾನು ಪೌಂಡಿಗಿಂತ ಈ ದಪ್ಪವನ್ನೇ ಹೆಚ್ಚು ನಂಬುತ್ತೇನೆ. ಅಗ್ಗದ ಬ್ರೇಡ್ ಪೊಟ್ಟಣದ ಮೇಲೆ ದೊಡ್ಡ ಪೌಂಡ್ ಸಂಖ್ಯೆ ಅಚ್ಚು ಹಾಕುವುದು ಸುಲಭ, ಆದರೆ ದಪ್ಪದಲ್ಲಿ ಮೋಸ ಬೆರಳಿಗೇ ಗೊತ್ತಾಗುತ್ತದೆ. ಎರಡು ಕಂಪನಿಗಳ 20 ಪೌಂಡಿನ ದಾರಗಳಲ್ಲಿ ಒಂದು ಇನ್ನೊಂದರ ಒಂದೂವರೆ ಪಟ್ಟು ದಪ್ಪವಿದ್ದರೆ, ಅವು ಒಂದೇ ಬಲದವು ಎಂದುಕೊಂಡು ಲೆಕ್ಕ ಹಾಕಬೇಡಿ.

ತಂಗೂಸಿಯೋ, ಬ್ರೇಡೋ?

ಕರಾವಳಿಯ ಕೈಗಾಳವೆಲ್ಲ ತಂಗೂಸಿಯದ್ದೇ, ಅಂದರೆ ನೈಲಾನಿನ ಒಂಟಿ ಎಳೆ. ಬಾಟಲಿಗೋ ಮರದ ತುಂಡಿಗೋ ಸುತ್ತಿಕೊಂಡ ದಪ್ಪ ತಂಗೂಸಿಯಲ್ಲಿ ದೊಡ್ಡ ಮೀನು ಹಿಡಿದವರು ಪ್ರತಿ ಊರಿನಲ್ಲೂ ಇದ್ದಾರೆ. ಈ ದಾರದ ಗುಣ ದೊಡ್ಡದು: ಅಗ್ಗ, ಗಂಟು ಸುಲಭವಾಗಿ ಕಚ್ಚುತ್ತದೆ, ಕಲ್ಲಿಗೆ ತಾಗಿದರೂ ಸ್ವಲ್ಪ ತಾಳುತ್ತದೆ, ಮೇಲಾಗಿ ಕಡಿಯುವ ಮೊದಲು ತನ್ನ ಉದ್ದದ ನಾಲ್ಕನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಮೀನು ತಲೆ ಕೊಡವಿದಾಗ ಆ ಹಿಗ್ಗು ಏಟನ್ನು ನುಂಗಿಕೊಳ್ಳುತ್ತದೆ.

ನೀರಲ್ಲಿ ನಿಂತವರಿಗೆ ಅದೇ ಹಿಗ್ಗು ತೊಡಕೂ ಹೌದು. ಐವತ್ತು ಮೀಟರ್ ಆಚೆ ಮೀನು ಮುಟ್ಟಿದ್ದು ಕೈಗೆ ತಡವಾಗಿ, ಮಸುಕಾಗಿ ತಿಳಿಯುತ್ತದೆ. ಗಾಳ ನಾಟಿಸಲು ಎಳೆದರೆ ಅರ್ಧ ಎಳೆತ ದಾರದಲ್ಲೇ ಕಳೆದುಹೋಗುತ್ತದೆ. 20 ಪೌಂಡಿನ ತಂಗೂಸಿ ಸುಮಾರು 0.40 ಮಿ.ಮೀ. ದಪ್ಪ, ಅಷ್ಟೇ ಬಲದ ಬ್ರೇಡ್ ಅದರ ಅರ್ಧ. ಈ ವ್ಯತ್ಯಾಸ ಎರಡು ಕಡೆ ಎದ್ದು ಕಾಣುತ್ತದೆ. ಒಂದು, ಎಸೆತದ ದೂರ. ದೋಣಿ ಇದ್ದರೆ ಮೀನಿನ ಹತ್ತಿರ ಹೋಗಬಹುದು. ನಮಗೆ ಸೊಂಟಮಟ್ಟದಾಚೆ ಹೋಗುವಂತಿಲ್ಲ, ಹಾಗಾಗಿ ತೆಳು ದಾರ ಕೊಡುವ ಹೆಚ್ಚುವರಿ ಹತ್ತು ಮೀಟರ್ ತುಂಬ ದೊಡ್ಡದು. ಇನ್ನೊಂದು, ನೀರಿನ ತಳ್ಳು. ಇಳಿತದ ರಭಸಕ್ಕೆ ದಪ್ಪ ದಾರ ಬಿಲ್ಲಿನಂತೆ ಬಾಗಿ ಲೂರ್ (ಕೃತಕ ಎರೆ) ಅನ್ನು ಬೇಡದ ಕಡೆ ಎಳೆದೊಯ್ಯುತ್ತದೆ. ತೆಳು ದಾರಕ್ಕೆ ಆ ಒತ್ತಡ ಕಡಿಮೆ.

ಬ್ರೇಡ್ ಎಂದರೆ ಪಾಲಿಎಥಿಲೀನ್ ಎಳೆಗಳ ಹೆಣಿಗೆ. ನೀರು ಹೀರುವುದಿಲ್ಲ, ತೇಲುತ್ತದೆ, ಹಿಗ್ಗುವುದು ನೂರಕ್ಕೆ ಮೂರು ನಾಲ್ಕರಷ್ಟು ಮಾತ್ರ. ಅದರ ದೌರ್ಬಲ್ಯ ಒಂದೇ, ಆದರೆ ಅಳಿವೆಯಲ್ಲಿ ಅದೇ ಮುಖ್ಯ: ಬಿಗಿಯಾಗಿದ್ದಾಗ ಚಿಪ್ಪಿನ ಅಂಚಿಗೆ ತಾಗಿದರೆ ಕತ್ತರಿ ಆಡಿಸಿದ ಹಾಗೆ ಕಡಿಯುತ್ತದೆ. ಅದರ ಕರಗುವ ಬಿಂದುವೂ ನೈಲಾನಿಗಿಂತ ಬಹಳ ಕಡಿಮೆ, ಸುಮಾರು 145 ಡಿಗ್ರಿ ಸೆಲ್ಸಿಯಸ್. ಒಣ ಗಂಟನ್ನು ಜಗ್ಗಿ ಬಿಗಿದರೆ ಉಜ್ಜಿದ ಬಿಸಿಗೇ ಎಳೆಗಳು ಸೊರಗುತ್ತವೆ. ಗಂಟನ್ನು ಒದ್ದೆ ಮಾಡಿಯೇ ಬಿಗಿಯಬೇಕು.

ನನ್ನ ಆಯ್ಕೆ ಸ್ಪಷ್ಟ. ರೀಲಿನ ತುಂಬ ಬ್ರೇಡ್, ತುದಿಗೆ ಒಂದೂವರೆ ಮೀಟರ್‌ವರೆಗಿನ ತಂಗೂಸಿ ಅಥವಾ ಫ್ಲೋರೋಕಾರ್ಬನ್ ಲೀಡರ್. ದೂರ, ಸೂಕ್ಷ್ಮತೆ ಬ್ರೇಡಿನಿಂದ. ಉಜ್ಜಾಟ ತಾಳುವ ಕೆಲಸ ಲೀಡರಿನದ್ದು. ಈಗಷ್ಟೇ ಎಸೆಯಲು ಕಲಿಯುತ್ತಿರುವವರು ಮೊದಲ ಕೆಲವು ತಿಂಗಳು 12 ಪೌಂಡಿನ ತಂಗೂಸಿಯಲ್ಲೇ ಕಲಿಯುವುದು ಒಳ್ಳೆಯದು, ಏಕೆಂದರೆ ಬ್ರೇಡ್ ಗಾಳಿಗೆ ಸಿಕ್ಕು ಬಿದ್ದರೆ ನೀರಲ್ಲಿ ನಿಂತು ಬಿಡಿಸುವುದು ಕಷ್ಟ, ಕತ್ತರಿಸಿ ಎಸೆಯುವ ಮನಸ್ಸಾಗುತ್ತದೆ.

ಮರಳು ದಿಬ್ಬ: ಹಗುರ ದಾರದ ಜಾಗ

ಇಳಿತಕ್ಕೆ ತಲೆ ಎತ್ತುವ ಮರಳು ದಿಬ್ಬಗಳ ಅಂಚಿನಲ್ಲಿ ಕಾಣೆ ಮೀನು ಸಿಗುತ್ತದೆ, ಜೊತೆಗೆ ಸಣ್ಣ ಟ್ರೆವಲಿ. ತಳದಲ್ಲಿ ದಾರ ಕಡಿಯುವಂಥದ್ದೇನೂ ಇಲ್ಲ. 6ರಿಂದ 10 ಪೌಂಡಿನ ಬ್ರೇಡ್, ಅಂದರೆ ಪಿಇ 0.6 ಅಥವಾ 0.8, 8ರಿಂದ 12 ಪೌಂಡಿನ ಲೀಡರ್ ಸಾಕು. ಕಾಣೆಯ ಬಾಯಿ ಚಿಕ್ಕದು, ಗಾಳ ಚಿಕ್ಕದು, ಅದಕ್ಕೆ ಪೋಣಿಸುವ ಸಿಗಡಿಯ ತುಂಡೂ ಚಿಕ್ಕದು. ಈ ಹಗುರ ಸರಂಜಾಮನ್ನು 20 ಪೌಂಡಿನ ದಾರದಲ್ಲಿ ಎಸೆದರೆ ದೂರ ಹೋಗುವುದಿಲ್ಲ, ಮೀನು ಮುಟ್ಟಿದ್ದೂ ತಿಳಿಯುವುದಿಲ್ಲ.

ಒಮ್ಮೊಮ್ಮೆ ದೊಡ್ಡ ಮೀನು ಈ ಸಣ್ಣ ಗಾಳವನ್ನೇ ನುಂಗಿ ಓಡುತ್ತದೆ. ಆಗ ಹಿಂದೆ ಹಿಂದೆ ನಡೆಯಬೇಕಾಗುತ್ತದೆ. ನಡೆಯುವಾಗ ಪಾದ ಎತ್ತಿ ಇಡಬೇಡಿ, ತಳವನ್ನು ಸವರುತ್ತ ಸರಿಯಿರಿ. ಮರಳಿನಲ್ಲಿ ಹುದುಗಿ ಮಲಗಿರುವ ತೊರಕೆ ಆ ಕದಲಿಕೆಗೇ ಎದ್ದು ಹೋಗುತ್ತದೆ. ಮೇಲಿನಿಂದ ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಮೀನಿನ ಮೇಲೆ ಗಮನವಿದ್ದಾಗಲೇ ಈ ಅಪಾಯ ಹೆಚ್ಚು.

ಅಳಿವೆ ಬಾಯಿ: ನಡುವಿನ ಬಲ

ನದಿ ಕಡಲಿಗೆ ಸೇರುವಲ್ಲಿ, ಮರಳು ದಿಬ್ಬದಿಂದ ಆಳಕ್ಕೆ ಇಳಿಯುವ ಗೆರೆಯ ಮೇಲೆ ನಿಂತು ಎಸೆಯುವವರಿಗೆ ಸೀಬಾಸ್ ಮುಖ್ಯ ಗುರಿ. ಕಾರವಾರದ ಕೊಂಕಣಿಗರಿಗೆ ಅದು ಚೊಣಕ. ಟ್ರೆವಲಿ, ಕ್ವೀನ್ ಫಿಶ್, ಬಾರಕುಡಾ ಕೂಡ ಬರುತ್ತವೆ. ಇಲ್ಲಿ 20 ಪೌಂಡಿನ ಬ್ರೇಡ್, ಪಿಇ 1.2ರಿಂದ 1.5, ಅದಕ್ಕೆ 30 ಪೌಂಡಿನ ಲೀಡರ್ ಹಾಕಿದರೆ ಬಹುಪಾಲು ಮೀನುಗಳಿಗೆ ಸರಿಹೋಗುತ್ತದೆ.

ಈ ನೀರಿನಲ್ಲಿ ಬಲದಷ್ಟೇ ಉದ್ದವೂ ಬೇಕು. ಟ್ರೆವಲಿ ನೇರ ಕಡಲಿಗೆ ಮುಖ ಮಾಡಿ ಓಡುತ್ತದೆ, ಬೆನ್ನಟ್ಟಲು ನಮ್ಮ ಹತ್ತಿರ ದೋಣಿ ಇಲ್ಲ. ರೀಲಿನಲ್ಲಿ ದಾರ ಸುತ್ತುವ ಸ್ಪೂಲಿನಲ್ಲಿ ಕನಿಷ್ಠ 150 ಮೀಟರ್, ಸಾಧ್ಯವಾದರೆ 200 ಮೀಟರ್ ದಾರ ಇರಲಿ. 30 ಪೌಂಡಿನ ಬ್ರೇಡ್ ಸುತ್ತಿದರೆ ಅದೇ ಸ್ಪೂಲಿನಲ್ಲಿ ಹಿಡಿಯುವ ಉದ್ದ ಕಡಿಮೆಯಾಗುತ್ತದೆ. ಅಳಿವೆ ಬಾಯಲ್ಲಿ 'ಇನ್ನೂ ಬಲ ಇರಲಿ' ಎಂದು ದಾರ ಏರಿಸಿದವರು ಮೀನನ್ನು ಕಳೆದುಕೊಳ್ಳುವುದು ದಾರ ಕಡಿದಲ್ಲ, ದಾರ ಮುಗಿದು.

ಸೀಬಾಸಿನ ಬಾಯಿ ಅರದ ಹಾಗೆ ಒರಟು, ಕಿವಿರಿನ ಮುಚ್ಚಳದ ಅಂಚು ಹರಿತ. ಅದು ನೀರಿನಿಂದ ಮೇಲೆ ಜಿಗಿದು ತಲೆ ಕೊಡವಿದಾಗ ಲೀಡರ್ ಆ ಅಂಚಿಗೆ ಸವೆಯುತ್ತದೆ. ದೊಡ್ಡ ಸೀಬಾಸ್ ಇರುವ ಕಾಲದಲ್ಲಿ ಬ್ರೇಡನ್ನು ಹಾಗೇ ಬಿಟ್ಟು ಲೀಡರನ್ನು ಮಾತ್ರ 40 ಪೌಂಡಿಗೆ ಏರಿಸಿ. ಬಾರಕುಡಾದ ಹಲ್ಲಿಗೆ ಅದೂ ಸಾಲದು, ಗಾಳದ ಹತ್ತಿರ ಒಂದು ಗೇಣು ತೆಳು ತಂತಿ ಬೇಕು.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಸೀಬಾಸ್ ಮೊದಲು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುವ ಮೀನು. ಅಳಿವೆಯ ಅತಿ ದೊಡ್ಡ ಸೀಬಾಸ್‌ಗಳು ಹೆಚ್ಚಾಗಿ ಮೊಟ್ಟೆಯಿಡುವ ಹೆಣ್ಣುಗಳು. ಅವನ್ನು ಬಿಡುವ ಮನಸ್ಸಿದ್ದರೆ 10 ಪೌಂಡಿನ ದಾರದಲ್ಲಿ ಅರ್ಧ ಗಂಟೆ ಆಡಿಸಬಾರದು. ಬೆಚ್ಚಗಿನ ನೀರಿನಲ್ಲಿ ಪೂರ್ತಿ ದಣಿದ ಮೀನು ಬಿಟ್ಟ ಮೇಲೂ ಸಾಯಬಹುದು. ಬೇಗ ಹತ್ತಿರ ತರುವಷ್ಟು ಬಲವಾದ ದಾರವೇ ಇಲ್ಲಿ ಮೀನಿಗೂ ಒಳ್ಳೆಯದು.

ಕಾಂಡ್ಲಾ ಅಂಚು, ತಡೆಗೋಡೆ, ಸೇತುವೆಯ ಕಂಬ

ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸರ್ ತಾಣವಾಯಿತು. ಬಳಚು ಆರಿಸಿ ಬದುಕುವ ಕುಟುಂಬಗಳು ಅಲ್ಲಿ ಬಹಳ. ಅವರಿಗೆ ಅನ್ನ ಕೊಡುವ ಚಿಪ್ಪುಜೀವಿಗಳ ಸಮೃದ್ಧಿಯೇ ಗಾಳದ ದಾರಕ್ಕೆ ದೊಡ್ಡ ಪರೀಕ್ಷೆ. ಕಾಂಡ್ಲಾ ಬೇರಿಗೆ, ಬಂಡೆಗೆ, ಕಂಬಕ್ಕೆ ಅಂಟಿದ ಸಿಂಪಿಯ ಅಂಚು ಬ್ಲೇಡಿನಷ್ಟು ಚೂಪು. ದೋಣಿಯಲ್ಲಿ ನಿಂತರೆ ದಾರ ಮೇಲಿನಿಂದ ಇಳಿಜಾರಾಗಿ ಹೋಗುತ್ತದೆ. ನೀರಲ್ಲಿ ನಿಂತಾಗ ರಾಡಿನ ತುದಿಯೇ ನೀರಿಗೆ ಹತ್ತಿರವಿರುವುದರಿಂದ ದಾರ ತಳಕ್ಕೆ ಸಮಾನಾಂತರವಾಗಿ ಚಾಚಿಕೊಂಡು ಅಡ್ಡ ಬಂದ ಎಲ್ಲದಕ್ಕೂ ಉಜ್ಜುತ್ತದೆ. ರಾಡನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದರೆ ಸ್ವಲ್ಪ ಪ್ರಯೋಜನವಿದೆ, ಪೂರ್ತಿ ಅಲ್ಲ.

ಇಲ್ಲಿ ಕೆಂಬೇರಿ ಕಚ್ಚಿದ ಕ್ಷಣದಿಂದ ಬೇರಿನೊಳಗೆ ನುಗ್ಗಲು ನೋಡುತ್ತದೆ. ಅದನ್ನು ಓಡಲು ಬಿಡುವ ಮಾತೇ ಇಲ್ಲ. 30ರಿಂದ 40 ಪೌಂಡಿನ ಬ್ರೇಡ್, ಪಿಇ 2ರಿಂದ 3, 40 ಪೌಂಡಿನ ಉದ್ದ ಲೀಡರ್. ಹಲವರು 60 ಪೌಂಡಿನ ಲೀಡರ್ ಹಾಕುತ್ತಾರೆ. ದೋಣಿಯಲ್ಲಿ ಅದು ಸರಿ. ನೀರಲ್ಲಿ ನಿಂತವರಿಗೆ ನಾನು ಅದನ್ನು ಹೇಳುವುದಿಲ್ಲ, ಕಾರಣ ಮುಂದೆ ಇದೆ.

ಬಲಕ್ಕೂ ಒಂದು ಮೇಲ್ಮಿತಿ

ದಾರ ಬೇಕಾದಾಗ ಕಡಿಯಲೂ ಬೇಕು. ಲೂರ್ ಬೇರಿಗೆ ಸಿಕ್ಕಿಹಾಕಿಕೊಂಡಿದೆ, ಭರತ ಏರುತ್ತಿದೆ, ನೀರು ಸೊಂಟದಿಂದ ಮೇಲೆ ಬರುತ್ತಿದೆ ಎಂದಿಟ್ಟುಕೊಳ್ಳಿ. 40 ಪೌಂಡಿನ ಬ್ರೇಡನ್ನು ನೇರ ಎಳೆದು ಕಡಿಯಲು 18 ಕೆ.ಜಿ. ಎಳೆತ ಬೇಕು. ಸೊಂಟಮಟ್ಟದ ನೀರು ಮೈಯ ಭಾರವನ್ನು ಹೊತ್ತುಕೊಂಡಿರುತ್ತದೆ, ಪಾದಕ್ಕೆ ಹಿಡಿತ ಕಡಿಮೆ, ಹರಿವು ಪಾದದಡಿಯ ಮರಳನ್ನು ಕೊರೆಯುತ್ತಿರುತ್ತದೆ. ಅಲ್ಲಿ ನಿಂತು 18 ಕೆ.ಜಿ. ಎಳೆಯಲು ಹೋದರೆ ದಾರಕ್ಕಿಂತ ಮೊದಲು ಸೋಲುವುದು ಕಾಲು. ಬರಿಗೈಗೆ ಬ್ರೇಡ್ ಸುತ್ತಿ ಎಳೆದರೆ ಬೆರಳಿನ ಮಾಂಸಕ್ಕೆ ಇಳಿಯುತ್ತದೆ. ಕೊನೆಗೆ ಉಳಿಯುವುದು ಕೈ ಹತ್ತಿರವೇ ಕತ್ತರಿಸುವ ದಾರಿ, ಆಗ ಹತ್ತಾರು ಮೀಟರ್ ಬ್ರೇಡ್ ಕಾಂಡ್ಲಾದಲ್ಲಿ ಉಳಿಯುತ್ತದೆ. ಅದು ಅಲ್ಲಿಯ ಹಕ್ಕಿಗಳಿಗೆ, ಏಡಿಗಳಿಗೆ, ಕಡಲಿಗೆ ತೇಲಿ ಹೋದರೆ ನಮ್ಮ ಮರಳ ದಂಡೆಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ಆಮೆಗಳಿಗೆ ಉರುಳು.

ಆದ್ದರಿಂದ ಬ್ರೇಡ್, ಲೀಡರ್ ಎರಡನ್ನೂ ಜೋಡಿಸುವಾಗ ಮೊದಲು ಕಡಿಯುವ ಜಾಗ ಲೂರಿನ ಗಂಟೇ ಆಗುವಂತೆ ನೋಡಿಕೊಳ್ಳಿ. ಲೂರಿಗೆ ಹಾಕುವ ಸಾಮಾನ್ಯ ಕುಣಿಕೆ ಗಂಟಿನಲ್ಲಿ ದಾರದ ಬಲದ ನಾಲ್ಕನೇ ಒಂದು ಭಾಗವಾದರೂ ಹೋಯಿತು ಎಂದುಕೊಳ್ಳಿ. 40 ಪೌಂಡಿನ ಲೀಡರ್ ಅಲ್ಲಿ ಸುಮಾರು 30 ಪೌಂಡಿಗೆ ಕಡಿಯುತ್ತದೆ, ಹಿಂದಿರುವ 40 ಪೌಂಡಿನ ಬ್ರೇಡ್ ಉಳಿಯುತ್ತದೆ, ಲೂರ್ ಮಾತ್ರ ಹೋಗುತ್ತದೆ. ಲೀಡರ್ 60 ಪೌಂಡ್ ಆದರೆ ಕಡಿಯುವ ಜಾಗ ಬ್ರೇಡಿಗೆ ಸರಿದು ಲೀಡರ್, ಅದರ ಹಿಂದಿನ ದಾರ ಎಲ್ಲವೂ ನೀರುಪಾಲು. 60 ಬೇಡ ಎಂದದ್ದು ಇದಕ್ಕೆ. ಅಳಿವೆ ಬಾಯಲ್ಲಿ 20ಕ್ಕೆ 40 ಹಾಕಲು ನಾನು ಒಪ್ಪಿದ್ದು, ಅಲ್ಲಿ ತಳ ಮರಳಾಗಿದ್ದು ಸಿಕ್ಕಿಹಾಕಿಕೊಳ್ಳುವುದು ಅಪರೂಪ ಎಂಬ ಕಾರಣಕ್ಕೆ. ಬಂಡೆ ಇರುವ ಬಾಯಾದರೆ 30ರ ಲೀಡರಿನಲ್ಲೇ ನಿಲ್ಲಿ.

ಸಿಕ್ಕಿಬಿದ್ದದ್ದನ್ನು ಎಳೆಯುವಾಗ ರಾಡ್ ದಾರದ ದಿಕ್ಕಿಗೇ ನೇರವಾಗಿರಲಿ, ಬಾಗಿಸಬೇಡಿ. ದಾರವನ್ನು ಒಂದು ಗಟ್ಟಿ ಕೋಲಿಗೆ ನಾಲ್ಕು ಸುತ್ತು ಸುತ್ತಿ, ಮುಖ ಪಕ್ಕಕ್ಕೆ ತಿರುಗಿಸಿ, ದಡದ ಕಡೆಗೆ ನಿಧಾನ ಹೆಜ್ಜೆ ಹಾಕಿ. ಬಿಟ್ಟುಕೊಂಡ ಲೂರ್ ಗುಂಡಿನಂತೆ ಹಾರಿ ಬರುತ್ತದೆ.

ಡ್ರ್ಯಾಗ್ ಲೆಕ್ಕ

ದಾರದ ಬಲ ಎಷ್ಟೇ ಇರಲಿ, ಮೀನಿಗೆ ತಾಗುವ ಎಳೆತವನ್ನು ನಿರ್ಧರಿಸುವುದು ರೀಲಿನ ಡ್ರ್ಯಾಗ್, ಅಂದರೆ ದಾರ ಹೊರಗೆ ಸರಿಯುವುದನ್ನು ತಡೆಯುವ ಬ್ರೇಕು. ದಾರದ ಬಲದ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗಕ್ಕೆ ಅದನ್ನು ಕೂರಿಸುವುದು ರೂಢಿ. 20 ಪೌಂಡಿಗೆ ಎರಡರಿಂದ ಮೂರು ಕೆ.ಜಿ. ಅಂದಾಜಿನಲ್ಲಿ ತಿರುಗಿಸಬೇಡಿ, ಸಾಮಾನು ತೂಗುವ ಕೈತಕ್ಕಡಿಯ ಕೊಕ್ಕೆಗೆ ದಾರ ಕಟ್ಟಿ ಎಳೆದು ನೋಡಿ. ಮನೆಯಲ್ಲಿ ಮೂರು ಕೆ.ಜಿ. ಎಳೆತ ಕೈಗೆ ಎಷ್ಟು ಭಾರ ಎಂದು ಒಮ್ಮೆ ತಿಳಿದರೆ, ನೀರಲ್ಲಿ ಐದಾರು ಕೆ.ಜಿ. ಡ್ರ್ಯಾಗ್ ಇಡುವ ಯೋಚನೆ ತಾನಾಗಿ ಹೋಗುತ್ತದೆ. 40 ಪೌಂಡಿನ ದಾರಕ್ಕೆ ಮೂರನೇ ಒಂದು ಭಾಗವೆಂದರೆ ಆರು ಕೆ.ಜಿ. ಮೊಣಕಾಲುಮಟ್ಟದ ನೀರು, ಗಟ್ಟಿ ತಳ ಇದ್ದರೆ ಮಾತ್ರ ಅದು ಆಗುವ ಮಾತು. ಹಾಗಾಗಿ ಕಾಂಡ್ಲಾ ಅಂಚಿನಲ್ಲಿ ಎದೆಮಟ್ಟಕ್ಕೆ ಇಳಿದು ಬಲವಾದ ದಾರ ಹಾಕಿದವರಿಗೆ ಆ ಬಲವನ್ನು ಬಳಸಲು ಬರುವುದೇ ಇಲ್ಲ.

ಒಂದು ಸೂಕ್ಷ್ಮ: ದಾರ ಹೊರಗೆ ಹೋದಂತೆ ಸ್ಪೂಲಿನ ಸುತ್ತು ಚಿಕ್ಕದಾಗುತ್ತದೆ, ಅದೇ ಡ್ರ್ಯಾಗ್ ಹೆಚ್ಚು ಬಿಗಿಯುತ್ತದೆ. ದಾರದ ಸುತ್ತಿನ ವ್ಯಾಸ ಅರ್ಧಕ್ಕಿಳಿದರೆ ಎಳೆತ ಎರಡರಷ್ಟು. ಟ್ರೆವಲಿ ನೂರು ಮೀಟರ್ ಒಯ್ದಾಗ ಗಾಬರಿಯಿಂದ ಡ್ರ್ಯಾಗ್ ಬಿಗಿಯುವವರೇ ಹೆಚ್ಚು. ಆಗ ಮಾಡಬೇಕಾದದ್ದು ಸ್ವಲ್ಪ ಸಡಿಲಿಸುವುದು.

ಲೀಡರ್: ಫ್ಲೋರೋಕಾರ್ಬನ್ನಿಗೆ ಹಣ ಕೊಡಬೇಕೆ?

ಫ್ಲೋರೋಕಾರ್ಬನ್ ನೀರಿಗಿಂತ ಬಹಳ ಭಾರ, ನೀರು ಹೀರುವುದಿಲ್ಲ, ಬೆಳಕನ್ನು ಬಾಗಿಸುವ ಅದರ ಗುಣ ನೈಲಾನಿಗಿಂತ ನೀರಿಗೆ ಹತ್ತಿರವಾದ್ದರಿಂದ ಕಡಿಮೆ ಎದ್ದು ಕಾಣುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ಅಳಿವೆ ತಿಳಿಯಾಗಿರುವಾಗ ಅದರ ಬೆಲೆಗೆ ಅರ್ಥವಿದೆ. ಮೊದಲ ಮಳೆಯ ಕೆಂಪು ನೀರಿನಲ್ಲಿ ಕಾಣಿಸುವ ಪ್ರಶ್ನೆಯೇ ಇಲ್ಲ, ಒಳ್ಳೆಯ ತಂಗೂಸಿ ಸಾಕು. ನೀರ ಮೇಲೆ ಆಡುವ ಲೂರಿಗಂತೂ ತಂಗೂಸಿಯೇ ವಾಸಿ. ಭಾರದ ಫ್ಲೋರೋಕಾರ್ಬನ್ ಅದರ ಮೂತಿಯನ್ನು ಕೆಳಕ್ಕೆ ಜಗ್ಗುತ್ತದೆ.

ಬ್ರೇಡಿಗೆ ಲೀಡರ್ ಜೋಡಿಸಲು ಎಫ್‌ಜಿ ಗಂಟು ಎಲ್ಲಕ್ಕಿಂತ ತೆಳುವು, ಬಲವೂ ಹೆಚ್ಚು. ಅಲೆ ಬಡಿಯುವಾಗ ನಿಂತು ಅದನ್ನು ಕಟ್ಟುವುದು ಮಾತ್ರ ಹಿಂಸೆ. ಅದನ್ನು ಮನೆಯಲ್ಲೇ ಕಟ್ಟಿಕೊಂಡು ಹೋಗಿ, ನೀರಲ್ಲಿ ಕಡಿದರೆ ಎರಡು ಯೂನಿ ಗಂಟು ಎದುರುಬದುರಾಗಿ ಹಾಕಿ ಮುಂದುವರಿಯಿರಿ. ಪ್ರತಿ ಮೀನಿನ ನಂತರ ಲೀಡರಿನ ಕೊನೆಯ ಒಂದು ಮೊಳವನ್ನು ಉಗುರಿನ ನಡುವೆ ಎಳೆಯಿರಿ. ಗೀರು ಸಿಕ್ಕರೆ ಅಲ್ಲಿಯವರೆಗೆ ಕತ್ತರಿಸಿ ಹೊಸದಾಗಿ ಕಟ್ಟಿ. ಗೀರು ಬಿದ್ದ 40ಕ್ಕಿಂತ ಹೊಸ 20 ಗಟ್ಟಿ.

ಒಂದೇ ರೀಲ್ ಇರುವವರಿಗೆ

ಪಿಇ 1.5ರ, 20 ಪೌಂಡಿನ ಬ್ರೇಡ್ 200 ಮೀಟರ್. ಜೇಬಿನಲ್ಲಿ 12, 30, 40 ಪೌಂಡಿನ ಮೂರು ಲೀಡರ್ ಸುರುಳಿ. ಮರಳು ದಿಬ್ಬದಲ್ಲಿ 12, ಬಾಯಲ್ಲಿ 30, ದೊಡ್ಡ ಸೀಬಾಸ್ ಇರುವ ಮರಳ ತಳದಲ್ಲಿ 40. ಕಾಣೆಗೆ ಈ ಬ್ರೇಡ್ ಸ್ವಲ್ಪ ದಪ್ಪವಾಯಿತು, ಅದನ್ನು ಸಹಿಸಿಕೊಳ್ಳಬಹುದು. ಕಾಂಡ್ಲಾ ಬೇರಿನ ಒಳಕ್ಕೆ ಮಾತ್ರ ಈ ಸರಂಜಾಮಿನಲ್ಲಿ ಎಸೆಯಬೇಡಿ, ಅಂಚಿನಿಂದ ಐದಾರು ಮೀಟರ್ ಈಚೆಗೆ ಎಸೆದು ಹೊರಬರುವ ಮೀನಿಗೆ ಕಾಯಿರಿ. ಎರಡನೇ ಸ್ಪೂಲ್ ಕೊಳ್ಳುವಷ್ಟು ಹಣ ಬಂದಾಗ ಪಿಇ 2.5 ಸುತ್ತಿಸಿ, ಆಗ ಅಂಚಿಗೆ ಹೋಗಬಹುದು.

ಮನೆಗೆ ಬಂದ ಮೇಲೆ ಸ್ಪೂಲಿನ ಮೇಲೆ ಸಿಹಿನೀರು ಚಿಮುಕಿಸಿ ನೆರಳಲ್ಲಿ ಒಣಗಿಸಿ. ತಂಗೂಸಿ ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ. ಬ್ರೇಡಿನ ಮುಂಭಾಗ ನವಿರೆದ್ದು ಬಣ್ಣ ಕಳೆದುಕೊಂಡಾಗ ಇಡೀ ದಾರ ಬಿಚ್ಚಿ ತಿರುಗಿಸಿ ಸುತ್ತಿದರೆ, ಎಂದೂ ನೀರು ಕಾಣದ ಹಿಂಭಾಗ ಮುಂದೆ ಬಂದು ಇನ್ನೊಂದಷ್ಟು ಕಾಲ ಬಾಳುತ್ತದೆ. ಕತ್ತರಿಸಿದ ತುಂಡುಗಳನ್ನು ನೀರಿಗೆ ಬಿಡದೆ ಮುಚ್ಚಳದ ಡಬ್ಬಿಯಲ್ಲಿ ತುಂಬಿಕೊಂಡು ಬನ್ನಿ. ಕಸಕ್ಕೆ ಹಾಕುವ ಮೊದಲು ಕತ್ತರಿಯಿಂದ ಬೆರಳುದ್ದದ ಚೂರು ಮಾಡಿ.